ಹನ್ನೊಂದನೇ ಟರ್ನ್

ನನ್ನ ಲ್ಯಾಪ್‌ಟಾಪಿನಲ್ಲಿ ಏಳು ಸೇವ್ ಫೈಲ್‌ಗಳಿವೆ. ಏಳರಲ್ಲೂ ನಾನು ಚಂದ್ರಗುಪ್ತ ಮೌರ್ಯ. ಏಳರಲ್ಲೂ ಮೊದಲ ಯುದ್ಧ ಗೆದ್ದಿದ್ದೇನೆ. ಏಳರಲ್ಲೂ ಅದಾದ ಐವತ್ತು ಟರ್ನ್ ಒಳಗೆ ಸಾಮ್ರಾಜ್ಯ ಕೊಳೆತ ಹಲಸಿನ ಹಣ್ಣಿನ ಹಾಗೆ ಬಾಯಿ ಬಿಟ್ಟಿದೆ. ಸುಮ್ನೆ ಸೋತಿದ್ದರೆ ಬೇಜಾರಿರಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿ ಮಲಗಬಹುದಿತ್ತು. ಗೆದ್ದ ಮೇಲೆ ಹಾಳಾಗುವುದು ನಿದ್ದೆ ಕೆಡಿಸುತ್ತದೆ. ಶನಿವಾರ ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಕೂರುತ್ತೇನೆ. ಹನುಮಂತನಗರದ ನಮ್ಮ ಬೀದಿಯಲ್ಲಿ ಹಾಲಿನ ಕ್ರೇಟ್ ಇಳಿಸುವ ಸದ್ದು ಕೇಳುವ ಹೊತ್ತಿಗೆ ನನ್ನ ಯಾವುದೋ ಗಡಿ ಊರು 'ನಿಮ್ಮ ಸಹವಾಸ ಸಾಕು' ಅಂತ ಕೈ ಬಿಟ್ಟು ಹೋಗಿರುತ್ತದೆ. ಹಿಂದೆಯೇ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು.

ಸಿವಿಲೈಸೇಷನ್ 6 ಆಡುವವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಆಡದವರಿಗೆ ಇಷ್ಟು ಸಾಕು. ಇದು ಚದುರಂಗದ ಹಾಗೆ ಸರದಿಯ ಮೇಲೆ, ಅಂದರೆ ಟರ್ನ್ ಲೆಕ್ಕದಲ್ಲಿ, ಊರು ಮತ್ತು ಸೈನ್ಯ ಕಟ್ಟಿ ಸಾಮ್ರಾಜ್ಯ ಬೆಳೆಸುವ ಕಂಪ್ಯೂಟರ್ ಆಟ. 2016ರಲ್ಲಿ ಬಂದಾಗ ಭಾರತಕ್ಕೆ ನಾಯಕ ಗಾಂಧಿ ಮಾತ್ರ. 2018ರಲ್ಲಿ 'ರೈಸ್ ಅಂಡ್ ಫಾಲ್' ಎಂಬ ವಿಸ್ತರಣೆ ಬಂದಾಗ ಚಂದ್ರಗುಪ್ತನೂ ಸೇರಿದ. ಅವನಿಗೆ ಕೊಟ್ಟಿರುವ ವಿಶೇಷ ಶಕ್ತಿಯ ಹೆಸರೇ 'ಅರ್ಥಶಾಸ್ತ್ರ'. ಪಕ್ಕದವನ ಮೇಲೆ ರಾಜ್ಯ ವಿಸ್ತರಣೆಯ ಯುದ್ಧ ಸಾರಿದರೆ, ಮೊದಲ 10 ಟರ್ನ್ ನಮ್ಮ ಸೈನ್ಯಕ್ಕೆಲ್ಲ 2 ಹೆಜ್ಜೆ ಹೆಚ್ಚು ನಡಿಗೆ, 5 ಅಂಕ ಹೆಚ್ಚು ಬಲ. ಆ ಹತ್ತು ಟರ್ನ್ ಆಡುವ ಸುಖ ಬೇರೆ ಯಾವ ನಾಯಕನಲ್ಲೂ ನನಗೆ ಸಿಕ್ಕಿಲ್ಲ. ಹನ್ನೊಂದನೇ ಟರ್ನಿಗೆ ಆ ಬಲ ಹೋಗುತ್ತದೆ. ಆನೆಗಳು ಮತ್ತೆ ಆನೆಗಳಾಗುತ್ತವೆ. ನಾನೋ, ಮದುವೆ ಮನೆಯಲ್ಲಿ ಎಲೆ ಎತ್ತಿದ ಮೇಲೂ ಹೋಳಿಗೆಗೆ ಕೈ ಚಾಚುವವನ ಹಾಗೆ, ಇನ್ನೊಂದು ಊರು, ಇನ್ನೊಂದೇ ಒಂದು ಊರು ಅಂತ ಮುಂದೆ ಹೋಗುತ್ತಿರುತ್ತೇನೆ. ನನ್ನ ಏಳೂ ಆಟ ಹಾಳಾಗಿದ್ದು ಅಲ್ಲೇ.

ಮೂರನೇ ಊರು

ಚಂದ್ರಗುಪ್ತನನ್ನು ಆಡುವ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಆನೆಗಳಿಂದ ಶುರು ಮಾಡುತ್ತಾರೆ. ನಾನು ಮೂರನೇ ಊರಿನಿಂದ ಶುರು ಮಾಡುತ್ತೇನೆ. ಈ ಯುದ್ಧ ಸಾರಲು ಎರಡು ಷರತ್ತು ಇವೆ. ಐದು ಟರ್ನ್ ಮೊದಲೇ ಪಕ್ಕದವನನ್ನು ಬಹಿರಂಗವಾಗಿ ಖಂಡಿಸಿರಬೇಕು. ಜೊತೆಗೆ ನಮ್ಮ ಎರಡು ಊರು ಅವನ ಎರಡು ಊರಿನ 10 ಟೈಲ್, ಅಂದರೆ ನಕ್ಷೆಯ ಹತ್ತು ಮನೆ, ಒಳಗೆ ಇರಬೇಕು. ಎರಡನೆಯದನ್ನು ಎಲ್ಲರೂ ಲೆಕ್ಕದ ವಿಷಯ ಅಂತ ಓದಿ ಮುಂದೆ ಹೋಗುತ್ತಾರೆ. ನಿಜಕ್ಕೂ ಯುದ್ಧ ನಿರ್ಧಾರ ಆಗುವುದು ಅಲ್ಲೇ. ಟರ್ನ್ ನಲವತ್ತರ ಆಸುಪಾಸಿನಲ್ಲಿ ಎರಡನೇ, ಮೂರನೇ ಊರನ್ನು ಎಲ್ಲಿ ಕಟ್ಟುತ್ತೀರಿ ಅನ್ನುವುದರಲ್ಲೇ ಟರ್ನ್ ತೊಂಬತ್ತರಲ್ಲಿ ಯಾರ ಜೊತೆ ಜಗಳ ಅನ್ನುವುದು ಬರೆದಿರುತ್ತದೆ. ನದಿ ಪಕ್ಕ, ಒಳ್ಳೆ ಮಣ್ಣು, ಹತ್ತಿರದಲ್ಲೇ ಎರಡು ಬಗೆಯ ಐಷಾರಾಮಿ ಸಾಮಗ್ರಿ ಇರುವ ಜಾಗ ಬಿಟ್ಟು, ಪಕ್ಕದವನ ಕಡೆಗಿರುವ ಬೋಳು ಬಯಲಿನಲ್ಲಿ ಊರು ಕಟ್ಟುವುದಕ್ಕೆ ಗುಂಡಿಗೆ ಬೇಕು. ನಮ್ಮ ದೊಡ್ಡಪ್ಪ ಒಂದು ಕಾಲದಲ್ಲಿ ಜೆ.ಪಿ. ನಗರದಲ್ಲಿ ಸೈಟು ಬೇಡ, ಅದು ಕಾಡು, ನರಿ ಓಡಾಡುತ್ತದೆ ಅಂದಿದ್ದರು. ಇವತ್ತಿಗೂ ಮನೆಯಲ್ಲಿ ಯಾರಾದರೂ ಆ ಮಾತು ಎತ್ತಿದರೆ ಎದ್ದು ವರಾಂಡಕ್ಕೆ ಹೋಗುತ್ತಾರೆ. ಮೊದಲ ಎರಡು ಆಟದಲ್ಲಿ ನಾನು ದೊಡ್ಡಪ್ಪನ ಹಾಗೇ ಆಡಿದೆ. ಚೆಂದದ ಊರುಗಳು, ಯುದ್ಧ ಸಾರಲು ಬಹಳ ಕಾಲ ಯಾರೂ ಹತ್ತಿರ ಇರಲಿಲ್ಲ.

ಉಳಿದ ಸಿದ್ಧತೆ ಬೇಗ ಹೇಳಿ ಮುಗಿಸುತ್ತೇನೆ. ಈ ಯುದ್ಧದ ಹಕ್ಕು ಬರುವುದು ಆಟದಲ್ಲಿ ಮಿಲಿಟರಿ ಟ್ರೈನಿಂಗ್ ಎಂಬ ವಿದ್ಯೆ ಕಲಿತ ಮೇಲೆ. ಒಂದು ಸೈನಿಕ ಪಾಳೆಯ ಕಟ್ಟಿದರೆ ಅದರ ಕಲಿಕೆಯಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಅದಕ್ಕೂ ಮೊದಲಿನ ಮೆಟ್ಟಿಲಿಗೆ ಒಂದು ಬಾರ್ಬೇರಿಯನ್ ಬಿಡಾರ, ಅಂದರೆ ಯಾವ ರಾಜ್ಯಕ್ಕೂ ಸೇರದ ದಾಳಿಕೋರರ ಠಾಣೆ, ಒಡೆದರೆ ಅನುಕೂಲ. ಆನೆಗೆ ಆಟದಲ್ಲಿ 'ವಾರು' ಅಂತ ಹೆಸರು. ಅದು ಕುದುರೆ ಸವಾರಿ ಕಲಿತ ಮೇಲೆ ಸಿಗುತ್ತದೆ. ಬಲ 40, ನಡಿಗೆ ಬರೀ 2. ಪಕ್ಕದಲ್ಲಿ ನಿಂತ ಶತ್ರುವಿನ ಬಲದಲ್ಲಿ 5 ಕಳೆಯುತ್ತದೆ. ಈಗ ಲೆಕ್ಕ ಹಾಕಿ. ಎದುರಿಗೆ ರೋಮಿನ ಲೀಜನ್ ಎಂಬ ಕಾಲಾಳು ಪಡೆ, ಅದರ ಬಲವೂ 40. ನಮಗೆ 5 ಕೂಡಿತು, ಅವನಿಗೆ 5 ಕಳೆಯಿತು, ಅಂತರ 10. ಸಮಬಲದಲ್ಲಿ ಇಬ್ಬರೂ ಹತ್ತಿರ ಹತ್ತಿರ 30 ಪೆಟ್ಟು ತಿನ್ನಬೇಕಾದ ಕಡೆ, ಅವನಿಗೆ 45, ನಮಗೆ 20. ನಡಿಗೆಯೂ 2ರಿಂದ 4. ಹೀಗೆ ಹತ್ತು ಟರ್ನ್ ಆನೆ ಕುದುರೆಯಂತೆ ಓಡುತ್ತದೆ. ನಿಜದ ಇತಿಹಾಸದಲ್ಲಿ ಗ್ರೀಕ್ ದೊರೆ ಸೆಲ್ಯೂಕಸ್ 500 ಆನೆಗಾಗಿ ಸಿಂಧೂ ನದಿಯ ಆಚೆಯ ನಾಡುಗಳನ್ನೇ ಚಂದ್ರಗುಪ್ತನಿಗೆ ಬಿಟ್ಟುಕೊಟ್ಟ. ಆಮೇಲೆ ಕ್ರಿ.ಪೂ. 301ರ ಇಪ್ಸಸ್ ಕದನದಲ್ಲಿ ಅದೇ ಆನೆಗಳನ್ನು ನಿಲ್ಲಿಸಿ ಗೆದ್ದ. ಬಾಲ್ಯದಲ್ಲಿ ಇದನ್ನು ಓದಿದಾಗ ಮೋಸದ ವ್ಯಾಪಾರ ಅನ್ನಿಸಿತ್ತು, ಯಾರಿಗೆ ಮೋಸ ಅಂತ ಗೊತ್ತಾಗಿರಲಿಲ್ಲ. ಈಗ ಇಬ್ಬರೂ ಜಾಣರೇ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ಗೋಡೆ ಎದ್ದ ಊರಿಗೆ ಆನೆ ಬಡಿದರೆ ಆನೆಗೇ ನೋವು. ಹಾಗಾಗಿ ಖಂಡಿಸಿದ ಮೇಲಿನ ಐದು ಟರ್ನ್‌ನಲ್ಲಿ ಕಲ್ಲೆಸೆಯುವ ಯಂತ್ರ ಎರಡಾದರೂ ಗಡಿಗೆ ತಲುಪಿರಬೇಕು. ಅವು ನಮ್ಮ ಮೆಜೆಸ್ಟಿಕ್‌ನಿಂದ ಹೊರಟ ಸಿಟಿ ಬಸ್ಸಿನ ಹಾಗೆ, ಎಷ್ಟು ಮೊದಲು ಹೊರಡಿಸಿದರೂ ತಡ.

ಮುದ್ದೆ

ಚಾಣಕ್ಯನ ಒಂದು ಕಥೆ ಇದೆ. ನಂದರ ರಾಜಧಾನಿಯ ಮೇಲೆ ನೇರ ಬಿದ್ದು ಸೋತು ತಲೆ ಮರೆಸಿಕೊಂಡು ಓಡಾಡುವಾಗ, ಒಂದು ಮನೆಯಲ್ಲಿ ಮುದುಕಿಯೊಬ್ಬಳು ಮಕ್ಕಳಿಗೆ ಬಿಸಿ ಗಂಜಿ ಬಡಿಸಿದ್ದಳಂತೆ. ಹುಡುಗ ನಡುವಿಗೇ ಕೈ ಹಾಕಿ ಬೆರಳು ಸುಟ್ಟುಕೊಂಡ. 'ನೀನೂ ಚಾಣಕ್ಯನ ಹಾಗೆ ದಡ್ಡ, ಅಂಚಿನಿಂದ ತಿನ್ನಬಾರದೇ' ಅಂತ ಮುದುಕಿ ಬೈದಳು. ಜೈನರ ಕಥೆಯಲ್ಲಿ ಗಂಜಿ, ಬೌದ್ಧರಲ್ಲಿ ರೊಟ್ಟಿಯಂಥ ತಿಂಡಿ. ನಮ್ಮಜ್ಜಿ ಹೇಳುವಾಗ ಅದು ರಾಗಿ ಮುದ್ದೆ ಆಗಿತ್ತು. ನಾನು ಅದನ್ನು ತುಂಬಾ ವರ್ಷ ನಂಬಿದ್ದೆ. ಮುದ್ದೆಯನ್ನು ನಡುವಿನಿಂದ ಮುರಿಯುವವನು ಸಾಮ್ರಾಜ್ಯ ಕಟ್ಟಲಾರ ಅನ್ನುವುದು ನನಗೆ ಈಗಲೂ ಸರಿಯಾದ ಮಾತೇ. ಹಾಗಾಗಿ ಆಟದಲ್ಲೂ ಅಂಚಿನಿಂದ ತಿನ್ನುತ್ತಿದ್ದೆ. ಮೊದಲು ಗಡಿಯ ಸಣ್ಣ ಊರು, ಆಮೇಲೆ ಅದರಾಚೆಯದು, ಕೊನೆಗೆ ರಾಜಧಾನಿ.

ಅಕ್ಕನ ಮಗ ಒಂಬತ್ತನೇ ಕ್ಲಾಸು. ಮಾರ್ಚಿನಲ್ಲಿ ಪರೀಕ್ಷೆ ಮುಗಿಸಿ ನಾಲ್ಕು ದಿನ ನಮ್ಮ ಮನೆಗೆ ಬಂದಿದ್ದ. ಹಿಂದೆ ಕೂತು ಚಿಪ್ಸ್ ತಿನ್ನುತ್ತಾ ನನ್ನ ಏಳನೇ ಆಟ ನೋಡುತ್ತಿದ್ದ. ಆರನೇ ಟರ್ನಿನಲ್ಲಿ ಮೂರು ಗಡಿ ಊರು ಹಿಡಿದಿದ್ದೆ. ಹೆಮ್ಮೆಯಿಂದ ಮುದ್ದೆ ಕಥೆ ಹೇಳಿದೆ. ಅವನು ನಗಲೂ ಇಲ್ಲ.

"ಮಾಮ, ಮುದ್ದೆಗೆ ಲಾಯಲ್ಟಿ ಇರಲ್ಲ."

"ಅಂದ್ರೆ?"

"ನೀನು ಹಿಡಿದಿರೋ ಮೂರೂ ಊರಿನ ಪಕ್ಕ ರೋಮ್ ಇನ್ನೂ ಅವನ ಹತ್ರಾನೇ ಇದೆ. ಅಲ್ಲಿ ಹನ್ನೊಂದು ಜನಸಂಖ್ಯೆ. ಅದು ಇವನ್ನ ಎಳೀತಾ ಇರುತ್ತೆ. ನೋಡು, ಮೈನಸ್ ಹದಿನಾಲ್ಕು. ಏಳೆಂಟು ಟರ್ನ್ ಅಷ್ಟೇ, ಟಾಟಾ ಹೇಳು."

ಅವನು ಹೇಳಿದ್ದು ಸರಿ. ರೈಸ್ ಅಂಡ್ ಫಾಲ್ ತಂದ ದೊಡ್ಡ ಬದಲಾವಣೆ ಇದೇ. 9 ಟೈಲ್ ಒಳಗಿರುವ ಊರುಗಳ ಜನಸಂಖ್ಯೆ ತಮ್ಮ ತಮ್ಮ ಕಡೆಗೆ ಎಳೆಯುತ್ತದೆ. ಹತ್ತಿರ ಇದ್ದಷ್ಟೂ, ದೊಡ್ಡ ಊರಾದಷ್ಟೂ ಎಳೆತ ಜಾಸ್ತಿ. ಲಾಯಲ್ಟಿ, ಅಂದರೆ ಊರಿನ ನಿಷ್ಠೆ, 100ರಿಂದ ಸೊನ್ನೆಗೆ ಇಳಿದರೆ ಊರು ಕೈಬಿಟ್ಟು ಹೋಗುತ್ತದೆ. ಮುದುಕಿ ಅಂಚಿನಿಂದ ತಿನ್ನು ಅಂದಳು. ಆಟ ಹೇಳುವುದು ನಡುವನ್ನು ಬಿಟ್ಟು ಅಂಚು ತಿಂದರೆ ತಿಂದದ್ದು ದಕ್ಕುವುದಿಲ್ಲ ಅಂತ. ಇಬ್ಬರೂ ಸರಿ ಅನ್ನುವುದು ಗೊತ್ತಾಗಲು ನನಗೆ ಇನ್ನೂ ಎರಡು ಶನಿವಾರ ಬೇಕಾಯಿತು. ಮುದ್ದೆಯನ್ನು ಅಂಚಿನಿಂದಲೇ ಮುರಿಯಬೇಕು. ಆದರೆ ಸುತ್ತ ಬಳಸಿಕೊಂಡು ತಿನ್ನುತ್ತಾ ಕೂರಬಾರದು. ನಮ್ಮ ಕಡೆಯ ಅಂಚಿನಿಂದ ಒಂದೇ ದಾರಿ ಮಾಡಿಕೊಂಡು, ಎಂಟನೇ ಟರ್ನಿನ ಒಳಗೆ ನಡುವಿಗೆ ತಲುಪಬೇಕು. ಅಡ್ಡ ಸಿಕ್ಕ ಉಳಿದ ಊರುಗಳನ್ನು ಮುಟ್ಟದೆ ಹಾದುಹೋಗಬೇಕು. ಬಿಟ್ಟುಹೋಗುವುದು ಕಷ್ಟ. ಬಲ ಕಡಿಮೆಯಿರುವ ಊರು ಕೈಗೆ ಸಿಗುವಂತೆ ಪಕ್ಕದಲ್ಲೇ ಇರುತ್ತದೆ.

ಹುಡುಗನ ಹತ್ತಿರ ಇನ್ನೊಂದು ಉಪಾಯವೂ ಇತ್ತು. ಸಣ್ಣ ಊರು ಹಿಡಿದಾಗ ಆಟ ಕೇಳುತ್ತದೆ, ಇಟ್ಟುಕೊಳ್ಳುತ್ತೀರಾ ಸುಡುತ್ತೀರಾ. "ಸುಟ್ಬಿಡು ಮಾಮ. ಇಲ್ದೆ ಇರೋ ಊರು ದಂಗೆ ಏಳಲ್ಲ." ನಾನು ಸುಡಲಿಲ್ಲ. ಯಾಕೆ ಅಂತ ಕೇಳಿದ. ಕಾರಣ ಹೇಳಲು ಆಗಲಿಲ್ಲ, ಚಿಪ್ಸ್ ಪ್ಯಾಕೆಟ್ ಕಿತ್ತುಕೊಂಡು ಹಲ್ಲುಜ್ಜಿ ಮಲಗು ಅಂದೆ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸಾಗಿಸಿದರು ಅಂತ ಅಶೋಕ ತನ್ನ 13ನೇ ಶಾಸನದಲ್ಲಿ ತಾನೇ ಬರೆಸಿದ. ಆ ಶಾಸನ ಬೇರೆ ಕಡೆ ಇದೆ. ಕಳಿಂಗದಲ್ಲೇ, ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ, ಅದನ್ನೂ ಅದರ ಹಿಂದಿನ ಎರಡನ್ನೂ ಬಿಟ್ಟು ಬೇರೆ ಎರಡು ಶಾಸನ ಹಾಕಿಸಿದ. ಸುಟ್ಟವನಿಗೂ ಆ ಊರಿನವರ ಮುಂದೆ ಅಂಕಿ ಸಂಖ್ಯೆ ಓದಲು ನಾಲಿಗೆ ಬರಲಿಲ್ಲ.

ಇಸಿಲಕ್ಕೆ ಬಂದ ಕಾಗದ

ಗಡಿ ಊರು ಕೈಬಿಟ್ಟು ಹೋದಾಗಲೆಲ್ಲ ನನಗೆ ಒಂದು ಬಂಡೆ ನೆನಪಾಗುತ್ತದೆ.

ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅವರಿಗೆ ಚಳ್ಳಕೆರೆಗೆ ವರ್ಗ ಆಯಿತು. ಮಕ್ಕಳ ಓದು ಕೆಡಬಾರದು ಅಂತ ಅಮ್ಮ, ಅಕ್ಕ, ನಾನು ಬೆಂಗಳೂರಿನಲ್ಲೇ ಉಳಿದೆವು. ಅಪ್ಪ ತಿಂಗಳಿಗೊಮ್ಮೆ ಬರುತ್ತಿದ್ದರು, ವಾರಕ್ಕೊಂದು ಕಾಗದ ಬರೆಯುತ್ತಿದ್ದರು. ಬೇಸಿಗೆ ರಜೆಯಲ್ಲಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಒಂದು ಬೆಳಿಗ್ಗೆ ಮೊಸರನ್ನದ ಡಬ್ಬಿ ಕಟ್ಟಿಕೊಂಡು ಬಳ್ಳಾರಿ ಕಡೆಯ ಬಸ್ಸು ಹತ್ತಿದೆವು. ರಾಂಪುರದ ಹತ್ತಿರ ಎಲ್ಲೋ ಇಳಿದು ನಡೆದೆವು. ಬಿಸಿಲು ಅಂದರೆ ಬಿಸಿಲು. ಎಲ್ಲ ಕಡೆ ಬಂಡೆ, ಯಾರೋ ಆಡಿ ಬಿಟ್ಟು ಹೋದ ಗೋಲಿಗಳ ಹಾಗೆ. ಬ್ರಹ್ಮಗಿರಿ ಅಂದರೆ ದೊಡ್ಡ ಬೆಟ್ಟ, ಮೇಲೆ ಕೋಟೆ ಇರುತ್ತದೆ ಅಂದುಕೊಂಡಿದ್ದ ನನಗೆ ಅಪ್ಪ ತೋರಿಸಿದ್ದು ಒಂದು ಬಂಡೆ, ಅದರ ಮೇಲೆ ಇರುವೆ ಸಾಲಿನಂಥ ಅಕ್ಷರ. ಬಿ.ಎಲ್. ರೈಸ್ 1892ರಲ್ಲಿ ಇದನ್ನು ಪತ್ತೆ ಮಾಡಿದ್ದು, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ್ದು, ಎಲ್ಲ ಹೇಳಿದರು. ನನ್ನ ಗಮನ ಡಬ್ಬಿಯ ಮೇಲಿತ್ತು.

"ಇದು ಏನು ಗೊತ್ತೇನೋ? ಕಾಗದ ಕಣೋ ಇದು," ಅಂದರು ಅಪ್ಪ. ಆಮೇಲೆ ಬೆರಳಿನಿಂದ ಗಾಳಿಯಲ್ಲಿ ಸಾಲು ತೋರಿಸುತ್ತಾ ಓದಿದರು. ಬ್ರಾಹ್ಮಿ ಅವರಿಗೆ ಬರುತ್ತಿರಲಿಲ್ಲ, ಅರ್ಥ ಬಾಯಿಪಾಠ ಇತ್ತು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಹೇಳುವುದೇನೆಂದರೆ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವುದು. ಹಾಗಂತ ಶುರುವಾಗುತ್ತದೆ. ಆರ್ಯಪುತ್ರ ಅಂದರೆ ರಾಜಕುಮಾರ, ಮಹಾಮಾತ್ರರು ಅಂದರೆ ಹಿರಿಯ ಅಧಿಕಾರಿಗಳು. ರಾಜ ಅಶೋಕನ ಆಜ್ಞೆ ಆಮೇಲೆ. ಕಳಿಸಿದವರ ಹೆಸರು, ತಲುಪಬೇಕಾದವರ ಹೆಸರು, ಕ್ಷೇಮ ಸಮಾಚಾರ, ಎಲ್ಲವನ್ನೂ ಕೆತ್ತುವವನು ಒಂದಕ್ಷರ ಬಿಡದೆ ಬಂಡೆಗೆ ಹಾಕಿದ್ದಾನೆ. ನನಗೆ ನಗು ಬಂತು. ಅಪ್ಪನ ಕಾಗದಗಳೂ ಹಾಗೇ. ಕಿರಾಣಿ ಅಂಗಡಿಗೆ ಎಷ್ಟು ಕೊಡಬೇಕು ಅನ್ನುವ ನಾಲ್ಕು ಸಾಲಿನ ಕಾಗದಕ್ಕೂ 'ಇತ್ತ ಕ್ಷೇಮ, ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುವುದು' ಅಂತ ಶುರು.

ಈ ಬಂಡೆಯ ಬಗ್ಗೆ ಆಮೇಲೆ ಓದಿಕೊಂಡದ್ದು ಬಹಳ. ಪಾಟಲಿಪುತ್ರದಿಂದ ಇಲ್ಲಿಗೆ ನೇರ ಗೆರೆ ಎಳೆದರೂ ಸುಮಾರು 1,500 ಕಿಲೋಮೀಟರ್. ಸುವರ್ಣಗಿರಿ ಅಂದರೆ ಕೊಪ್ಪಳದ ಕನಕಗಿರಿ ಇರಬಹುದು ಅನ್ನುತ್ತಾರೆ. ಹೆಸರಲ್ಲೇ ಚಿನ್ನ ಇದೆ. ರಾಯಚೂರಿನ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿದ್ದು ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಗಟ್ಟಿಯಾದದ್ದು ಆ ಬಂಡೆಯಿಂದ. ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಿದ್ದಾರೆ. ಮಸ್ಕಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಕಡೆಯ ನಿಟ್ಟೂರು, ಉದೇಗೋಳ, ಇತ್ತ ಸಿದ್ದಾಪುರ, ಜಟಿಂಗ ರಾಮೇಶ್ವರ, ಬ್ರಹ್ಮಗಿರಿ. ಇವನ್ನು ನಕ್ಷೆಯ ಮೇಲೆ ಗುರುತಿಸಿದರೆ ಕಾಣುವುದು ಒಂದು ಗುಂಪು, ಸುತ್ತ ಖಾಲಿ. ಶಾಲೆಯ ಅಟ್ಲಾಸಿನಲ್ಲಿ ಮೌರ್ಯರ ಬಣ್ಣ ಮೈಸೂರಿನವರೆಗೆ ಸುಣ್ಣ ಬಳಿದ ಹಾಗೆ ಒಂದೇ ಸಮ ಇರುತ್ತದೆ. ಆಟದಲ್ಲೂ ಹಾಗೇ, ಊರು ನಮ್ಮದಾದ ಕೂಡಲೇ ಸುತ್ತಲಿನ ಟೈಲೆಲ್ಲ ನಮ್ಮ ಬಣ್ಣ. ರೊಮಿಲಾ ಥಾಪರ್ ಅಂಥ ಇತಿಹಾಸಕಾರರು ಮೌರ್ಯರ ರಾಜ್ಯ ಹಾಗಿರಲಿಲ್ಲ ಅನ್ನುತ್ತಾರೆ. ಗಂಗೆಯ ಬಯಲಿನಲ್ಲಿ ಬಿಗಿ, ದೂರದಲ್ಲಿ ಸಡಿಲ. ಇಲ್ಲಿ ಬೇಕಿದ್ದದ್ದು ಚಿನ್ನ ಮತ್ತು ಅದು ಸಾಗುವ ದಾರಿ. ನಡುವಿನ ಕುರುಚಲು ಕಾಡು ಯಾರದ್ದಾದರೆ ಏನು?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಂಡೆಯ ಕೊನೆಯ ಸಾಲು. ಬರೆದವನು ಚಪಡ ಅಂತ ಇದೆ. 'ಲಿಪಿಕಾರ' ಎಂಬ ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮೂರಿನ ಸೀಮೆಯಲ್ಲಿ ಅದನ್ನು ಓದುವವರು ಆಗ ಒಬ್ಬರಾದರೂ ಇದ್ದರೇ? ಅಷ್ಟು ದೂರ ಕೆಲಸಕ್ಕೆ ಬಂದ ಒಬ್ಬ, ಸರ್ಕಾರಿ ಕಾಗದದ ಕೊನೆಗೆ ತನ್ನೂರಿನ ಅಕ್ಷರದಲ್ಲಿ ಸಹಿ ಹಾಕಿದ. ಬೆಂಗಳೂರಿನಲ್ಲಿ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ! ಇಸಿಲ ಅನ್ನುವುದು ಕನ್ನಡದ್ದೇ ಮಾತು ಅಂತ ಡಿ.ಎಲ್. ನರಸಿಂಹಾಚಾರ್ ಹೇಳಿದ್ದರು. ಹಾಗಿದ್ದರೆ ಆ ಕಾಗದದಲ್ಲಿ ಕನ್ನಡ ಇರುವುದು ವಿಳಾಸದಲ್ಲಿ ಮಾತ್ರ. ಉಳಿದದ್ದೆಲ್ಲ ಪ್ರಾಕೃತ. ಕಂದಹಾರದಲ್ಲಿ ಅದೇ ಅಶೋಕ ಗ್ರೀಕ್ ಮತ್ತು ಅರಾಮಿಕ್‌ನಲ್ಲಿ ಬರೆಸಿದ್ದಾನೆ. ಅಲ್ಲಿನವರಿಗೆ ಬರೆಯಲು ಓದಲು ಬರುತ್ತಿತ್ತು, ನಮಗೆ ಇನ್ನೂ ಬರುತ್ತಿರಲಿಲ್ಲ. ಬೇಜಾರಾಗುತ್ತದೆ, ಆದರೆ ತಪ್ಪು ಹುಡುಕಲು ಆಗುವುದಿಲ್ಲ.

ಮೈಸೂರಿನ ಓಲೆಗರಿ

ಆಟದಲ್ಲಿ ಅರ್ಥಶಾಸ್ತ್ರ ಅಂದರೆ ಹತ್ತು ಟರ್ನಿನ ಓಟ. ಪುಸ್ತಕದಲ್ಲಿ ಏನಿದೆ ಅಂತ ನೋಡೋಣ ಅನ್ನಿಸಿದ್ದು ಏಳನೇ ಆಟ ಕೆಟ್ಟ ಮೇಲೆ. ಆ ಪುಸ್ತಕ ನಮ್ಮ ಮನೆ ಬಾಗಿಲಲ್ಲೇ ಸಿಕ್ಕಿದ್ದು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟ ಗ್ರಂಥಲಿಪಿಯ ಓಲೆಗರಿ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರ ಹೊತ್ತಿಗೆ ಅದನ್ನು ಗುರುತಿಸಿದರು. 1909ರಲ್ಲಿ ಅಚ್ಚಾಯಿತು. ಚಂದ್ರಗುಪ್ತನ ಕಾಲದ್ದೇ ಅಂತ ಆಗ ತುಂಬಾ ಜನ ನಂಬಿದ್ದರು. ಈಗಿನ ವಿದ್ವಾಂಸರಲ್ಲಿ ಹಲವರು ಅದು ಕೆಲವು ಶತಮಾನ ಈಚೆಗೆ ಈ ರೂಪಕ್ಕೆ ಬಂದದ್ದು ಅನ್ನುತ್ತಾರೆ. ಇರಲಿ. ಆಟದವರು ಅದನ್ನು ಪೂರ್ತಿ ಓದದೆ ಇದ್ದಿಲ್ಲ. ಕಂಪ್ಯೂಟರ್ ಆಡಿಸುವ ಚಂದ್ರಗುಪ್ತನಿಗೆ ಪಕ್ಕದವನ ಮೇಲೆ ಕೋಪ, ದೂರದವನ ಮೇಲೆ ಪ್ರೀತಿ. ನೆರೆಯವ ಶತ್ರು, ನೆರೆಯವನ ನೆರೆಯವ ಮಿತ್ರ ಅನ್ನುವ ಮಂಡಲ ಸಿದ್ಧಾಂತ ಅದೇ ಅಲ್ವಾ. ಇದು ನಮ್ಮ ಬೀದಿಯ ಪಾರ್ಕಿಂಗ್ ಜಗಳಕ್ಕೂ ಸರಿಹೊಂದುತ್ತದೆ.

ಆದರೆ ಪುಸ್ತಕ ಯುದ್ಧಕ್ಕೆ ಅಷ್ಟೇನೂ ಆತುರ ಪಡುವುದಿಲ್ಲ. ರಾಜನ ಆರು ನಡೆಗಳಲ್ಲಿ ಮೊದಲನೆಯದು ಸಂಧಿ, ಆಮೇಲೆ ವಿಗ್ರಹ, ಅಂದರೆ ಯುದ್ಧ. ಎರಡರಿಂದಲೂ ಸಮ ಲಾಭ ಇದ್ದರೆ ಸಂಧಿಯನ್ನೇ ಹಿಡಿ ಅನ್ನುತ್ತದೆ. ಯುದ್ಧದಲ್ಲಿ ನಾಲ್ಕು ಕೆಡುಕು ಇವೆಯಂತೆ. ಕ್ಷಯ, ವ್ಯಯ, ಪ್ರವಾಸ, ಪ್ರತ್ಯವಾಯ. ಅಂದರೆ ಜನ ಹೋಗುತ್ತಾರೆ, ಹಣ ಹೋಗುತ್ತದೆ, ಮನೆ ಬಿಟ್ಟಿರಬೇಕಾಗುತ್ತದೆ, ಇನ್ನೇನೋ ತೊಂದರೆ ಬರುತ್ತದೆ. ಪ್ರವಾಸ ಅನ್ನುವ ಮಾತಿನ ಮೇಲೆ ನಾನು ತುಂಬಾ ಹೊತ್ತು ನಿಂತೆ. ನಮಗೆ ಪ್ರವಾಸ ಅಂದರೆ ಶಾಲೆಯಿಂದ ಬೇಲೂರು ಹಳೇಬೀಡು. ಕೌಟಿಲ್ಯನಿಗೆ ಅದು ಜನ ನಷ್ಟ, ಹಣ ನಷ್ಟದ ಪಕ್ಕದಲ್ಲೇ ಕೂರುವ ನಷ್ಟ. ಬ್ರಹ್ಮಗಿರಿಯ ಬಂಡೆಯಲ್ಲಿ 256 ಎಂಬ ಅಂಕಿ ಇದೆ. ರಾಜ ಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳು ಅಂತ ಅದಕ್ಕೆ ಅರ್ಥ ಹೇಳುತ್ತಾರೆ. ಅಪ್ಪನೂ ಲೆಕ್ಕ ಇಡುತ್ತಿದ್ದರು, ಚಳ್ಳಕೆರೆಯ ರೂಮಿನ ಕ್ಯಾಲೆಂಡರಿನಲ್ಲಿ, ಪೆನ್ಸಿಲಿನಲ್ಲಿ.

ಇನ್ನು ಹದಿಮೂರನೇ ಅಧಿಕರಣದ ಕೊನೆಯ ಅಧ್ಯಾಯ, ಲಬ್ಧಪ್ರಶಮನ. ಗೆದ್ದ ನಾಡನ್ನು ತಣ್ಣಗೆ ಮಾಡುವುದು. ಸೋತ ರಾಜನ ದೋಷಗಳನ್ನು ನಿನ್ನ ಗುಣಗಳಿಂದ ಮುಚ್ಚು. ಅಲ್ಲಿಯ ಜನರ ನಡೆ, ಉಡುಗೆ, ಭಾಷೆ ನಿನ್ನದಾಗಲಿ. ಅವರ ದೇವರ ಜಾತ್ರೆ, ಉತ್ಸವಗಳಲ್ಲಿ ಭಕ್ತಿ ತೋರು. ತೆರಿಗೆ ಬಿಡು, ಸೆರೆಯಲ್ಲಿರುವವರನ್ನು ಬಿಡು. ಓದಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಹನ್ನೊಂದನೇ ಟರ್ನಿನ ಅಧ್ಯಾಯ ಪುಸ್ತಕದಲ್ಲಿ ಇದೆ. ಆಟದವರು ಪುಸ್ತಕದ ಹೆಸರು ತೆಗೆದುಕೊಂಡು ಹತ್ತು ಟರ್ನಿಗೆ ನಿಲ್ಲಿಸಿದ್ದಾರೆ. ನಾನು ಏಳು ಆಟ ಆ ಹತ್ತರಲ್ಲೇ ಆಡಿದ್ದೇನೆ.

ಆಮೇಲೆ ನಿಯಮಗಳನ್ನು ಮತ್ತೆ ಓದಿದೆ. ಆಟದಲ್ಲೂ ಹನ್ನೊಂದಕ್ಕೆ ಒಂದು ಬಾಗಿಲು ಇದೆ, ನಾನೇ ನೋಡಿರಲಿಲ್ಲ. ಯುದ್ಧ ಸಾರಿದ ಮೇಲೆ 10 ಟರ್ನ್ ಆಗುವ ತನಕ ಸಂಧಿ ಮಾಡಿಕೊಳ್ಳಲು ಆಗುವುದಿಲ್ಲ. ಅಂದರೆ ನಮ್ಮ ಓಟ ಮುಗಿಯುವ ಹೊತ್ತಿಗೇ ಸಂಧಿಯ ಬಾಗಿಲು ತೆರೆಯುತ್ತದೆ. ಹಿಡಿದ ಊರು ಸಂಧಿಯಲ್ಲಿ ಹಳೆಯ ಒಡೆಯ ಬರೆದುಕೊಡುವ ತನಕ ಬೆಳೆಯುವುದೂ ಇಲ್ಲ. ಹಾಗಾಗಿ ಹನ್ನೊಂದನೇ ಟರ್ನಿನಲ್ಲಿ ಮಾಡಬೇಕಾದ ಕೆಲಸ ಮಾತುಕತೆ. ಅವನು ಅತ್ಯಂತ ಸೋತಿರುವ, ನಾವು ಅತ್ಯಂತ ಗೆದ್ದಿರುವ ಗಳಿಗೆ ಅದು. ಹನ್ನೆರಡಕ್ಕೆ ಲೆಕ್ಕ ಬದಲಾಗಲು ಶುರು.

ಎಂಟನೇ ಆಟ

ಎಂಟನೇ ಆಟಕ್ಕೆ ಹುಡುಗ ಮತ್ತೆ ಬಂದಿದ್ದ, ಈ ಸಲ ಭಾನುವಾರ ಮಧ್ಯಾಹ್ನ. ಪಕ್ಕದವನು ಮತ್ತೆ ರೋಮಿನ ಟ್ರಾಜನ್. ಎರಡನೇ ಮತ್ತು ಮೂರನೇ ಊರನ್ನು ಅವನ ಕಡೆಗೇ ಕಟ್ಟಿದ್ದೆ. ಮೂರನೆಯದು ಎಷ್ಟು ದರಿದ್ರ ಜಾಗ ಅಂದರೆ ಪಕ್ಕದಲ್ಲಿ ಒಂದು ಹನಿ ಸಿಹಿನೀರಿಲ್ಲ. ಅಲ್ಲಿ ಕಲ್ಯಾಣಿ ಕಟ್ಟಿದೆ. ಆಟದಲ್ಲಿ ಭಾರತಕ್ಕೆ ಮಾತ್ರ ಇರುವ ಮೆಟ್ಟಿಲು ಬಾವಿ ಅದು, ಜನಕ್ಕೆ ಅನ್ನ, ಇರಲು ಜಾಗ ಎರಡನ್ನೂ ಹೆಚ್ಚಿಸುತ್ತದೆ. ಇದನ್ನು ಸೇನೆಗಿಂತ ಮೊದಲು ಕಟ್ಟಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜನ ಬೆಳೆದರೆ ಎಳೆತ ಬೆಳೆಯುತ್ತದೆ, ಎಳೆತ ಬೆಳೆದರೆ ಹಿಡಿದ ಊರು ನಿಲ್ಲುತ್ತದೆ. ನಿಷ್ಠೆ ಕಾಯುವ ಕೆಲಸ ಆನೆಗಿಂತ ಬಾವಿ ಚೆನ್ನಾಗಿ ಮಾಡುತ್ತದೆ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಒಣಗಿ ಟ್ಯಾಂಕರ್ ಕಾದು ಕೂತವನು ನಾನು. ಆ ರಾತ್ರಿಗಳಲ್ಲಿ ನನ್ನ ಸಾಮ್ರಾಜ್ಯದಲ್ಲಿ ಆರು ಕಲ್ಯಾಣಿ ತುಂಬಿ ನಿಂತಿದ್ದವು, ಮನೆಯಲ್ಲಿ ಒಂದು ಬಕೆಟ್.

ಯುದ್ಧ ಸಾರಿದೆ. ಮೂರನೇ ಟರ್ನಿಗೆ ಓಸ್ಟಿಯಾ ಸಿಕ್ಕಿತು. ಆಂಟಿಯಂ ದಾರಿಯಲ್ಲೇ ಇತ್ತು, ಬಿಟ್ಟು ಹೋಗಲು ಬೇರೆ ದಾರಿ ಇರಲಿಲ್ಲ, ಅದನ್ನೂ ಹಿಡಿದೆ. ರೋಮಿನ ಗೋಡೆ ಎದ್ದಿತ್ತು. ಕಲ್ಲೆಸೆಯುವ ಯಂತ್ರಗಳು ಏಳನೇ ಟರ್ನಿಗೆ ತಲುಪಿದವು, ಒಂಬತ್ತಕ್ಕೆ ರೋಮ್ ಬಿತ್ತು. ಹತ್ತನೇ ಟರ್ನಿನಲ್ಲಿ ಕ್ಯುಮೇ ಎಂಬ ಊರು ಎರಡು ಆನೆಯ ನಡುವೆ ಕಾಲು ಜೀವದಲ್ಲಿ ನಿಂತಿತ್ತು. ಇನ್ನೊಂದೇ ಪೆಟ್ಟು. ಹುಡುಗ ಮೌಸಿಗೆ ಕೈ ಹಾಕಲು ಬಂದ. ನಾನು ಟರ್ನ್ ಮುಗಿಸಿದೆ.

ಹನ್ನೊಂದು. ಟ್ರಾಜನ್ ಮಾತಿಗೆ ಬಂದ. ರೋಮ್ ಮತ್ತು ಓಸ್ಟಿಯಾ ಬರೆದುಕೊಡು ಅಂದೆ, ಆಂಟಿಯಂ ವಾಪಸ್ ಕೊಡುತ್ತೇನೆ. ಆಂಟಿಯಂ ಅವನ ಉಳಿದ ಊರುಗಳ ಮಧ್ಯೆ ಸಿಕ್ಕಿಕೊಂಡಿತ್ತು, ಇಟ್ಟುಕೊಂಡರೂ ದಕ್ಕುತ್ತಿರಲಿಲ್ಲ. ಅವನು ಒಪ್ಪಿದ. "ಕೊಟ್ಬಿಟ್ಯಾ? ಗೆದ್ದಿದ್ದನ್ನ?" ಹುಡುಗನ ಮುಖ ನೋಡುವಂತಿತ್ತು. ರೋಮಿಗೆ ವಿಕ್ಟರ್ ಎಂಬ ಗವರ್ನರ್ ಕಳಿಸಿದೆ. ಬೇರೆಯವರು ನೆಲೆಯೂರಲು 5 ಟರ್ನ್ ತೆಗೆದುಕೊಂಡರೆ ಅವನಿಗೆ 3 ಸಾಕು, ಊರಿನ ನಿಷ್ಠೆಗೆ 8 ಕೂಡುತ್ತದೆ. ಅಲ್ಲಿಂದ ಮುಂದೆ ಐವತ್ತು ಟರ್ನ್ ಏನೂ ಆಗಲಿಲ್ಲ. ನಿಜವಾಗಿ ಏನೂ ಇಲ್ಲ. ಹೊಲ, ಕಲ್ಯಾಣಿ, ವ್ಯಾಪಾರದ ದಾರಿ. ಎರಡೂ ಊರು ನೂರಕ್ಕೆ ನೂರು ನಿಷ್ಠೆಯಲ್ಲಿ ನಿಂತವು. ಹುಡುಗ ಆಕಳಿಸಿ, ಅಜ್ಜಿ ಹತ್ತಿರ ಬಜ್ಜಿ ಇದೆಯಾ ಅಂತ ಕೇಳಲು ಅಡಿಗೆ ಮನೆಗೆ ಹೋದ. ನಾನು ಸಂಜೆ ಏಳಕ್ಕೇ ಲ್ಯಾಪ್‌ಟಾಪ್ ಮುಚ್ಚಿದೆ. ನಿಜವಾದ ಚಂದ್ರಗುಪ್ತ ಎಲ್ಲ ಬಿಟ್ಟು ಭದ್ರಬಾಹುವಿನ ಹಿಂದೆ ಶ್ರವಣಬೆಳಗೊಳಕ್ಕೆ ಬಂದು, ಚಿಕ್ಕಬೆಟ್ಟದಲ್ಲಿ ಉಪವಾಸವಿದ್ದು ದೇಹ ಬಿಟ್ಟ ಅಂತ ಜೈನರ ಕಥೆ. ಆಟದ ಚಂದ್ರಗುಪ್ತನಿಗೆ ಆ ಅನುಕೂಲ ಇಲ್ಲ, ಅವನು ಕ್ರಿ.ಶ. 2050ರ ತನಕ ಎಳೆಯಬೇಕು. ನಾನು ಬಜ್ಜಿಗೆ ಎದ್ದೆ.

ಹುಡುಗ ಹೋಗುವಾಗ ಹತ್ತನೇ ಟರ್ನಿನ ಸೇವ್ ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಹೋದ. ನಾನು ಬೇಡ ಅನ್ನಲಿಲ್ಲ.

ಎರಡು ವಾರದ ಮೇಲೆ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಇಡೀ ಭೂಖಂಡ ನಮ್ಮ ಬಣ್ಣ. ಕೆಳಗೆ 'ಗೆದ್ದೆ ಮಾಮ' ಅಂತ, ಆನೆಯ ಇಮೋಜಿ ಮೂರು. ಮೂಲ ರಾಜಧಾನಿಗಳನ್ನು ಸುಡಲು ಆಟ ಬಿಡುವುದಿಲ್ಲ, ಅವು ಅಲ್ಲಲ್ಲೇ ಇದ್ದವು. ಫೋಟೊ ದೊಡ್ಡದು ಮಾಡಿ ರೋಮ್ ಹುಡುಕಿದೆ, ಅದರ ಪಶ್ಚಿಮಕ್ಕೆ ನದಿ ತಿರುಗುವ ಜಾಗ ಹುಡುಕಿದೆ. ಹುಲ್ಲಿತ್ತು. ಎರಡು ಕುರಿ ಇದ್ದವು.

'ಆಂಟಿಯಂ ಎಲ್ಲಿ?' ಅಂತ ಬರೆದೆ.

ನೀಲಿ ಗುರುತು ಬಿತ್ತು. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು.

'ಯಾವ್ದು ಅದು?'